ಒಂದೇ ಲೈಸೆನ್ಸ್, ಎರಡು ಕಂಪ್ಯೂಟರ್: ಸರ್ವರ್ ತಕರಾರು ಬಿಡಿಸಿಕೊಳ್ಳುವುದು ಹೇಗೆ?

ತೊಗರಿ ರಾಶಿ ಮುಗಿದು ಚೀಲಗಳು ಮಾರುಕಟ್ಟೆಯ ದಾರಿ ಹಿಡಿದಾಗ ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ, ಜೇವರ್ಗಿಯ ಅಡತಿ ಅಂಗಡಿಗಳಲ್ಲಿ ಯಾರಿಗೂ ಪುರುಸೊತ್ತಿರುವುದಿಲ್ಲ. ಲೆಕ್ಕದ ಕಂಪ್ಯೂಟರ್ ಕೈಕೊಡುವುದೂ ಅಂಥ ಹೊತ್ತಿನಲ್ಲೇ. ಬೆಳಿಗ್ಗೆ ಲೆಕ್ಕದ ತಂತ್ರಾಂಶ ಟ್ಯಾಲಿ ತೆರೆದರೆ ಇಂಗ್ಲಿಷಿನಲ್ಲಿ ಒಂದು ಸಾಲು ಬಂದು ನಿಂತಿರುತ್ತದೆ: ಲೈಸೆನ್ಸ್ ಸಿಗುತ್ತಿಲ್ಲ, ಅಥವಾ ಈ ಲೈಸೆನ್ಸ್ ಬೇರೆ ಕಂಪ್ಯೂಟರಿನಲ್ಲಿ ಚಾಲ್ತಿಯಲ್ಲಿದೆ. "ವೈರಸ್ ಬಂದದ ಏನ್ರಿ?" ಎಂದು ಗುಮಾಸ್ತ ಕೇಳುತ್ತಾನೆ. "ರೊಕ್ಕ ಕೊಟ್ಟು ತಗೊಂಡೀವಿ, ಕಳ್ಳ ಮಾಲ್ ಹೆಂಗಾಗ್ತದ?" ಎಂದು ಮಾಲೀಕರು ಸಿಟ್ಟಾಗುತ್ತಾರೆ.

ಬಹಳಷ್ಟು ಸಲ ಅದು ವೈರಸ್ಸೂ ಅಲ್ಲ, ಕಳ್ಳ ಮಾಲೂ ಅಲ್ಲ. ಒಂದೇ ಲೈಸೆನ್ಸ್ ನಂಬರನ್ನು ಎರಡು ಯಂತ್ರಗಳು ತಮ್ಮದೆನ್ನುತ್ತಿವೆ, ಅಷ್ಟೆ. ನಿಮ್ಮ ಲೆಕ್ಕದ ಡೇಟಾಕ್ಕೆ ಏನೂ ಆಗಿರುವುದಿಲ್ಲ. ಡೇಟಾ ಇರುವ ಫೋಲ್ಡರ್ ಬೇರೆ, ಲೈಸೆನ್ಸ್ ಫೈಲ್ ಬೇರೆ. ಹಾಗಾಗಿ "ಫಾರ್ಮ್ಯಾಟ್ ಮಾಡಿಬಿಡೋಣ" ಎನ್ನುವವರ ಮಾತನ್ನು ಸದ್ಯಕ್ಕೆ ಪಕ್ಕಕ್ಕಿಡಿ. ಫಾರ್ಮ್ಯಾಟ್ ಮಾಡಿದರೆ ತಕರಾರು ಬಗೆಹರಿಯುವುದಿಲ್ಲ, ಇನ್ನಷ್ಟು ಗಂಟು ಬೀಳುತ್ತದೆ. ಯಾಕೆ ಎಂಬುದನ್ನು ಮುಂದೆ ಹೇಳುತ್ತೇನೆ.

ಮೊದಲು ಸರ್ವರ್ ಎಂದರೇನು ನೋಡೋಣ. ಅಪ್ಲಿಕೇಶನ್ ಸರ್ವರ್ ಎಂದರೆ ತಂತ್ರಾಂಶವನ್ನು ತನ್ನಲ್ಲಿಟ್ಟುಕೊಂಡು ಬೇರೆ ಹಲವು ಕಂಪ್ಯೂಟರ್‌ಗಳಿಗೆ ಕೆಲಸ ಮಾಡಿಕೊಡುವ ಯಂತ್ರ. ದೊಡ್ಡ ಕಂಪನಿಗಳಲ್ಲಿ ಅದಕ್ಕೆ ಎ.ಸಿ. ಕೋಣೆ ಇರುತ್ತದೆ. ನಮ್ಮಲ್ಲಿ ಅದು ಹಿಂದಿನ ಕೋಣೆಯಲ್ಲಿ ಯುಪಿಎಸ್ ಪಕ್ಕ ಕೂತ ಒಂದು ಸಾದಾ ಕ್ಯಾಬಿನೆಟ್. ಮೇಲೆ ತೊಗರಿ ಹೊಟ್ಟಿನ ಧೂಳು, ಮುಂದೆ "ಬಂದ್ ಮಾಡಬೇಡಿ" ಎಂಬ ಚೀಟಿ. ಗಲ್ಲಾದ ಕಂಪ್ಯೂಟರ್, ಗುಮಾಸ್ತನ ಕಂಪ್ಯೂಟರ್, ಗೋದಾಮಿನ ಕಂಪ್ಯೂಟರ್ ಮೂರೂ ಲ್ಯಾನ್ ಮೂಲಕ, ಅಂದರೆ ಒಳಗಿನ ಕೇಬಲ್ ಜಾಲದ ಮೂಲಕ, ಅದಕ್ಕೇ ಜೋತುಬಿದ್ದಿರುತ್ತವೆ. ದಾಲ್ ಮಿಲ್, ಸಹಕಾರ ಸಂಘ, ನರ್ಸಿಂಗ್ ಹೋಮ್, ಕಾಲೇಜಿನ ಕಚೇರಿ ಎಲ್ಲ ಕಡೆ ಹೆಚ್ಚುಕಡಿಮೆ ಇದೇ ಏರ್ಪಾಟು.

ಲೈಸೆನ್ಸ್ ಎಂದರೆ ಆ ತಂತ್ರಾಂಶವನ್ನು ಬಳಸಲು ಸಿಕ್ಕ ಪರವಾನಗಿ. ನಾವು ಹಣ ಕೊಟ್ಟು ಕೊಳ್ಳುವುದು ತಂತ್ರಾಂಶವನ್ನಲ್ಲ, ಈ ಪರವಾನಗಿಯನ್ನು. ಇದಕ್ಕೊಂದು ಸೀರಿಯಲ್ ನಂಬರ್ ಇರುತ್ತದೆ. ಮೊದಲ ಸಲ ಚಾಲೂ ಮಾಡುವಾಗ ತಂತ್ರಾಂಶವು ಆ ಯಂತ್ರದ ಗುರುತುಗಳನ್ನು ಬರೆದುಕೊಳ್ಳುತ್ತದೆ: ಮದರ್‌ಬೋರ್ಡ್, ಹಾರ್ಡ್ ಡಿಸ್ಕ್, ನೆಟ್‌ವರ್ಕ್ ಕಾರ್ಡಿನ ಮ್ಯಾಕ್ ವಿಳಾಸ (ಪ್ರತಿ ನೆಟ್‌ವರ್ಕ್ ಕಾರ್ಡಿಗೂ ತಯಾರಿಕೆಯಲ್ಲೇ ಕೊಡುವ ಗುರುತಿನ ಸಂಖ್ಯೆ). ಯಾವ ಯಾವ ಗುರುತು ಬೇಕೆಂಬುದು ಒಂದೊಂದು ತಂತ್ರಾಂಶಕ್ಕೆ ಒಂದೊಂದು ಥರ. ಇವೆಲ್ಲ ಸೇರಿ ಒಂದು ಲೈಸೆನ್ಸ್ ಫೈಲ್ ಆಗುತ್ತದೆ. ನಂತರ ಪ್ರತಿ ಸಲ ತೆರೆದಾಗ "ಇದು ಅದೇ ಯಂತ್ರವೇ?" ಎಂದು ತಾಳೆ ನೋಡುತ್ತದೆ. ಒಂದೇ ಸರ್ವೆ ನಂಬರಿನ ಹೊಲಕ್ಕೆ ಇಬ್ಬರು ಪಹಣಿ ಹಿಡಿದು ಬಂದರೆ ಕಚೇರಿಯವರು ವಿಚಾರಣೆ ಮುಗಿಯುವ ತನಕ ಇಬ್ಬರನ್ನೂ ನಿಲ್ಲಿಸುತ್ತಾರಲ್ಲ, ತಂತ್ರಾಂಶ ಮಾಡುವುದೂ ಅದನ್ನೇ.

ಎರಡನೆಯವನು ಇದ್ದಾನೆಂದು ಅದಕ್ಕೆ ಹೇಗೆ ಗೊತ್ತಾಗುತ್ತದೆ? ಮೂರು ದಾರಿಗಳಿವೆ. ಇದನ್ನು ತಿಳಿದುಕೊಂಡರೆ ಜೋಡಿ ನಂಬರನ್ನು (ಅದೇ ನಂಬರಿರುವ ಇನ್ನೊಂದು ಯಂತ್ರವನ್ನು) ಎಲ್ಲಿ ಹುಡುಕಬೇಕೆಂಬುದು ಗೊತ್ತಾಗುತ್ತದೆ. ಕೆಲವು ಸರ್ವರ್ ತಂತ್ರಾಂಶಗಳು ಶುರುವಾಗುವಾಗಲೇ ಲ್ಯಾನ್ ತುಂಬ ಒಂದು ಸಂದೇಶ ಕಳಿಸುತ್ತವೆ: "ನನ್ನ ಬಳಿ ಇಂಥ ನಂಬರಿದೆ, ಬೇರೆ ಯಾರ ಬಳಿಯಾದರೂ ಇದೆಯೇ?" ಉತ್ತರ ಬಂದರೆ ತಕರಾರು. ಇಂಥದ್ದರಲ್ಲಿ ಜೋಡಿ ನಂಬರು ನಿಮ್ಮ ಕಟ್ಟಡದೊಳಗೇ ಇರುತ್ತದೆ, ಹೊರಗೆ ಹುಡುಕಬೇಕಿಲ್ಲ. ಎರಡನೆಯದು ಲೈಸೆನ್ಸ್ ಸರ್ವರ್. ಎಷ್ಟು ಜನರಿಗೆ ಪರವಾನಗಿ ಇದೆ, ಈಗ ಎಷ್ಟು ಜನ ಕೂತಿದ್ದಾರೆ ಎಂದು ಅದು ಎಣಿಸುತ್ತದೆ. ಇಂಜಿನಿಯರಿಂಗ್ ತಂತ್ರಾಂಶಗಳಲ್ಲಿ ಬಳಕೆಯಲ್ಲಿರುವ ಫ್ಲೆಕ್ಸ್‌ಎಲ್‌ಎಂ ಈ ಬಗೆಯದು. ಇಲ್ಲಿ ಕೆಲವು ಸಲ ನಿಜವಾದ ಎರಡನೆಯವನು ಇರುವುದೇ ಇಲ್ಲ. ಕರೆಂಟ್ ಹೋಗಿ ಒಂದು ಕಂಪ್ಯೂಟರ್ ಪಟ್ಟನೆ ಆರಿದಾಗ ಅದು ಹಿಡಿದಿದ್ದ ಜಾಗವನ್ನು ಬಿಟ್ಟುಕೊಟ್ಟಿರುವುದಿಲ್ಲ. ಸರ್ವರ್ ಲೆಕ್ಕದಲ್ಲಿ ಅದು ಇನ್ನೂ ಕೂತೇ ಇದೆ. ಸ್ವಲ್ಪ ಹೊತ್ತು ಕಾಯಬೇಕು, ಇಲ್ಲವೇ ಎಲ್ಲರನ್ನೂ ಹೊರಗೆ ಬರಲು ಹೇಳಿ ಲೈಸೆನ್ಸ್ ಸೇವೆಯನ್ನು ಒಮ್ಮೆ ನಿಲ್ಲಿಸಿ ಶುರುಮಾಡಬೇಕು. ಮೂರನೆಯದು ಇಂಟರ್‌ನೆಟ್ ಮೂಲಕ ಕಂಪನಿಯ ಸರ್ವರ್ ಮಾಡುವ ತಪಾಸಣೆ. ಇದರಲ್ಲಿ ಜೋಡಿ ನಂಬರು ಎಲ್ಲಿ ಬೇಕಾದರೂ ಇರಬಹುದು, ಪಕ್ಕದ ಊರಿನಲ್ಲೂ.

ಪಕ್ಕದ ಊರಿನ ಮಾತು ಸುಮ್ಮನೆ ಹೇಳಿದ್ದಲ್ಲ. ಒಂದೇ ಸೀರಿಯಲ್ ನಂಬರನ್ನು ಆಳಂದದಲ್ಲೊಂದು, ಅಫಜಲಪುರದಲ್ಲೊಂದು, ಜೇವರ್ಗಿಯಲ್ಲೊಂದು ಅಂಗಡಿಗೆ ಕೂರಿಸಿ ಮೂವರಿಂದಲೂ ಹಣ ಪಡೆಯುವುದು ಅಸಾಧ್ಯವೇನಲ್ಲ. ಮೂವರೂ ಪರಸ್ಪರ ಮುಖ ನೋಡಿರುವುದಿಲ್ಲ. ತಪಾಸಣೆ ಬಿಗಿಯಾದ ದಿನ ಮೂವರಿಗೂ ಒಟ್ಟಿಗೇ ತಲೆನೋವು. ನಿಮ್ಮ ಬಿಲ್ಲಿನಲ್ಲಿ ಸೀರಿಯಲ್ ನಂಬರ್ ಬರೆದಿಲ್ಲವಾದರೆ ಮೊದಲು ಈ ಅನುಮಾನ ಪಡಿ.

ಪ್ರಾಮಾಣಿಕವಾಗಿ ಕೊಂಡವರಲ್ಲೂ ಜೋಡಿ ನಂಬರು ಹುಟ್ಟುತ್ತದೆ. ಹೊಸ ಕಂಪ್ಯೂಟರ್ ತಂದಿರಿ, ಹಳೆಯದನ್ನು ಮಗನ ಓದಿಗೆಂದು ಮನೆಗೆ ಕಳಿಸಿದಿರಿ, ಅದರಲ್ಲಿ ಟ್ಯಾಲಿ ಹಾಗೇ ಉಳಿಯಿತು. ಹಳೆ ಹಾರ್ಡ್ ಡಿಸ್ಕ್ ನಿಧಾನವೆಂದು ಎಸ್‌ಎಸ್‌ಡಿ ಹಾಕಿಸಿದಿರಿ. ರಿಪೇರಿ ಹುಡುಗ ಇಡೀ ಡಿಸ್ಕನ್ನು ಯಥಾವತ್ತು ನಕಲು ಮಾಡಿದ (ಇದಕ್ಕೆ ಕ್ಲೋನ್ ಎನ್ನುತ್ತಾರೆ), ಹಳೆ ಡಿಸ್ಕನ್ನು ಗೋದಾಮಿನ ಕಂಪ್ಯೂಟರಿಗೆ ಜೋಡಿಸಿಬಿಟ್ಟ. ಯುಎಸ್‌ಬಿ ಲ್ಯಾನ್ ಅಡಾಪ್ಟರ್ ಚುಚ್ಚಿದ್ದಾಗ ಲೈಸೆನ್ಸ್ ಮಾಡಿಸಿದ್ದಿರಿ, ಯಾರೋ ಅದನ್ನು ಕಿತ್ತು ಬೇರೆ ಕಡೆ ಚುಚ್ಚಿದರು. ವಿಂಡೋಸ್ 10 ಮತ್ತು 11ರ ವೈಫೈ ಸೆಟಿಂಗ್‌ನಲ್ಲಿ ಮ್ಯಾಕ್ ವಿಳಾಸವನ್ನು ಆಗಾಗ ಬದಲಿಸುವ ಸೌಲಭ್ಯವೊಂದಿದೆ. ಅದು ಚಾಲೂ ಇದ್ದರೆ, ಮ್ಯಾಕ್ ವಿಳಾಸ ನೋಡುವ ತಂತ್ರಾಂಶಕ್ಕೆ ನಿಮ್ಮ ಕಂಪ್ಯೂಟರ್ ಒಮ್ಮೊಮ್ಮೆ ಹೊಸಬನಂತೆ ಕಾಣುತ್ತದೆ.

ನನ್ನ ದೃಷ್ಟಿಯಲ್ಲಿ ನಮ್ಮ ಕಡೆ ಎಲ್ಲಕ್ಕಿಂತ ಹೆಚ್ಚು ಕಾಡುವುದು ಕರೆಂಟು ಮತ್ತು ರೌಟರ್. ಅದು ಹೀಗೆ. ಕರೆಂಟ್ ಹೋಗುತ್ತದೆ. ಬಂದಾಗ ರೌಟರ್ ಹೊಸದಾಗಿ ಶುರುವಾಗಿ ಎಲ್ಲ ಕಂಪ್ಯೂಟರ್‌ಗಳಿಗೂ ಐಪಿ ವಿಳಾಸವನ್ನು, ಅಂದರೆ ಜಾಲದೊಳಗಿನ ಮನೆ ನಂಬರನ್ನು, ಮತ್ತೆ ಹಂಚುತ್ತದೆ. ನಿನ್ನೆ 5ನೇ ನಂಬರಿನಲ್ಲಿದ್ದ ಸರ್ವರ್ ಇವತ್ತು 8ರಲ್ಲಿ. ಗಲ್ಲಾದ ಕಂಪ್ಯೂಟರ್ ಹಳೆಯ 5ನೇ ನಂಬರಿನಲ್ಲೇ ಬಾಗಿಲು ಬಡಿಯುತ್ತದೆ, ಒಳಗಿಂದ ಉತ್ತರವಿಲ್ಲ. "ಲೈಸೆನ್ಸ್ ಸಿಗುತ್ತಿಲ್ಲ" ಎನ್ನುತ್ತದೆ. ನೆರವಿಗೆ ಬಂದವನು ಸರ್ವರನ್ನು ನೋಡುವುದೇ ಇಲ್ಲ. ಗಲ್ಲಾದ ಕಂಪ್ಯೂಟರಿನಲ್ಲೇ ಸೀರಿಯಲ್ ನಂಬರ್ ಹೊಡೆದು ಹೊಸದಾಗಿ ಚಾಲೂ ಮಾಡಲು ಹೊರಡುತ್ತಾನೆ. ಅದು ಒಪ್ಪಿದರೆ ಲೈಸೆನ್ಸ್ ಹಿಂದಿನ ಕೋಣೆಯಿಂದ ಮುಂದಿನ ಕೋಣೆಗೆ ಬಂದಂತಾಯಿತು. ಗುಮಾಸ್ತ ಸರ್ವರ್ ತೆರೆದಾಗ ಅಲ್ಲಿ ತಕರಾರು. ಅಸಲಿಗೆ ಬೇಕಿದ್ದದ್ದು ಸರ್ವರಿಗೆ ಒಂದು ಕಾಯಂ ಐಪಿ ವಿಳಾಸ ಕೊಡುವುದು. ಗೊತ್ತಿದ್ದವರಿಗೆ ಹತ್ತು ನಿಮಿಷದ ಕೆಲಸ. ಒಮ್ಮೆ ಮಾಡಿಸಿಟ್ಟುಕೊಂಡರೆ ವರ್ಷಗಟ್ಟಲೆ ನೆಮ್ಮದಿ.

ಈಗ ಟ್ಯಾಲಿಯ ವಿಷಯಕ್ಕೇ ಬರೋಣ, ನಮ್ಮ ಪೇಟೆಗಳಲ್ಲಿ ಅದರದ್ದೇ ಬಳಕೆ ಜಾಸ್ತಿ. ಇದು ಬೆಂಗಳೂರಿನ ಕಂಪನಿಯೊಂದರದು, ಆ ಕಂಪನಿ 1986ರಲ್ಲಿ ಶುರುವಾದದ್ದು.  ಟ್ಯಾಲಿ ಲೈಸೆನ್ಸಿನಲ್ಲಿ ಮುಖ್ಯವಾಗಿ ಎರಡು ಬಗೆ. ಸಿಲ್ವರ್ ಒಂದು ಕಂಪ್ಯೂಟರಿಗೆ. ಗೋಲ್ಡ್ ಒಂದು ಕಚೇರಿಯ ಲ್ಯಾನ್‌ನಲ್ಲಿರುವ ಹಲವು ಕಂಪ್ಯೂಟರ್‌ಗಳಿಗೆ. ಗೋಲ್ಡ್‌ನಲ್ಲಿ ಲೈಸೆನ್ಸ್ ಒಂದು ಯಂತ್ರದಲ್ಲಿ ಮಾತ್ರ ಇರುತ್ತದೆ, ಉಳಿದವು ಅಲ್ಲಿಂದ ಪಡೆಯುತ್ತವೆ. ಆ ಮಾತುಕತೆ ಸಾಮಾನ್ಯವಾಗಿ 9999 ಎಂಬ ಪೋರ್ಟ್ ಮೂಲಕ ನಡೆಯುತ್ತದೆ. ಪೋರ್ಟ್ ಎಂದರೆ ಕಂಪ್ಯೂಟರಿನ ಒಂದು ಕಿಂಡಿ. ಹೊಸ ಆಂಟಿವೈರಸ್ ಹಾಕಿಸಿದ ಮರುದಿನವೇ ತಕರಾರು ಶುರುವಾಗಿದ್ದರೆ ಅದು ಈ ಕಿಂಡಿಯನ್ನು ಮುಚ್ಚಿದೆಯೇ ಎಂದು ಮೊದಲು ನೋಡಿ.

ಲೈಸೆನ್ಸ್ ತಾಳೆಯಾಗದಿದ್ದರೆ ಟ್ಯಾಲಿ ಪೂರ್ತಿ ಬಂದ್ ಆಗುವುದಿಲ್ಲ. ಎಜುಕೇಶನಲ್ ಮೋಡ್‌ಗೆ, ಅಂದರೆ ಕಲಿಯುವವರಿಗೆಂದು ಇಟ್ಟಿರುವ ಸ್ಥಿತಿಗೆ ಹೋಗುತ್ತದೆ. ಅದರಲ್ಲಿ ತಿಂಗಳ 1, 2 ಮತ್ತು 31ನೇ ತಾರೀಖಿಗೆ ಮಾತ್ರ ವೋಚರ್ ಹಾಕಬಹುದು. ಇಲ್ಲೇ ಗುಮಾಸ್ತರು ಒಂದು ಜಾಣತನ ಮಾಡುತ್ತಾರೆ. 14ನೇ ತಾರೀಖಿನ ಬಿಲ್ಲುಗಳನ್ನೆಲ್ಲ 2ನೇ ತಾರೀಖಿಗೆ ಹಾಕಿ ಕೆಲಸ ಮುಂದುವರಿಸುತ್ತಾರೆ, "ಆಮ್ಯಾಲ ತಿದ್ದಿದರಾಯ್ತು" ಎಂದು. ದಯವಿಟ್ಟು ಇದನ್ನು ಮಾಡಬೇಡಿ. ರೈತರ ಪಟ್ಟಿ, ಖರೀದಿದಾರರ ಬಾಕಿ, ಬಡ್ಡಿ ಲೆಕ್ಕ, ಜಿಎಸ್‌ಟಿ ರಿಟರ್ನ್ ಎಲ್ಲ ತಾರೀಖಿನ ಮೇಲೆ ನಿಂತಿವೆ. ಒಂದು ದಿನ ಕಾಗದದ ಮೇಲೆ ಬರೆದಿಟ್ಟುಕೊಳ್ಳುವುದು ಎಷ್ಟೋ ಮೇಲು.

ಹಾಗಾದರೆ ಬಿಡಿಸುವುದು ಹೇಗೆ? ಪರದೆಯ ಫೋಟೊ ತೆಗೆಯುವುದು ಮೊದಲ ಕೆಲಸ. ಆ ಇಂಗ್ಲಿಷ್ ಸಾಲು ಅಕ್ಷರಕ್ಕೆ ಅಕ್ಷರ ಬೇಕಾಗುತ್ತದೆ, "ಏನೋ ಲೈಸೆನ್ಸ್ ಅಂತ ಬಂತು" ಎಂದರೆ ಫೋನಿನಲ್ಲಿ ಯಾರೂ ಸಹಾಯ ಮಾಡಲಾರರು. ಆಮೇಲೆ ಡೇಟಾ ಬ್ಯಾಕಪ್ ತೆಗೆದು ಪೆನ್‌ಡ್ರೈವ್‌ಗೆ ಹಾಕಿ. ಟ್ಯಾಲಿಯ ಈಗಿನ ಆವೃತ್ತಿಯಾದ ಟ್ಯಾಲಿಪ್ರೈಮ್‌ನಲ್ಲಿ ಆಲ್ಟ್ ಮತ್ತು ವೈ ಕೀಲಿ ಒಟ್ಟಿಗೆ ಒತ್ತಿದರೆ ಬ್ಯಾಕಪ್ ಆಯ್ಕೆ ಸಿಗುತ್ತದೆ. ಕಂಪ್ಯೂಟರಿನ ಗಡಿಯಾರವನ್ನೂ ನೋಡಿ. ಮದರ್‌ಬೋರ್ಡಿನ ಗುಂಡಿ ಸೆಲ್ ಸತ್ತಿದ್ದರೆ ತಾರೀಖು ವರ್ಷಗಳಷ್ಟು ಹಿಂದಕ್ಕೆ ಹೋಗಿರುತ್ತದೆ, ಲೈಸೆನ್ಸ್ ತಾಳೆ ತಪ್ಪಲು ಕೆಲವೊಮ್ಮೆ ಅಷ್ಟೇ ಸಾಕು. ಒಂದು ಚಿಕ್ಕ ಸೆಲ್ಲಿಗೆ ಮುಗಿಯುವ ಕೆಲಸಕ್ಕೆ ಹೊಸ ಲೈಸೆನ್ಸ್ ಕೊಂಡುಬಿಟ್ಟೀರಿ.

ನಂತರ ಆ ನಂಬರು ಎಲ್ಲೆಲ್ಲಿ ಕೂತಿದೆ ಎಂದು ಪತ್ತೆ ಮಾಡಿ. ಪ್ರತಿ ಕಂಪ್ಯೂಟರಿನಲ್ಲೂ ಟ್ಯಾಲಿ ತೆರೆದು ಸೀರಿಯಲ್ ನಂಬರ್ ನೋಡಿ ಬರೆದುಕೊಳ್ಳಿ. ಮನೆಗೆ ಕಳಿಸಿದ ಹಳೆಯದನ್ನು ಮರೆಯಬೇಡಿ. ಯಾವುದರಲ್ಲಿ ಉಳಿಸಿಕೊಳ್ಳಬೇಕೆಂದು ತೀರ್ಮಾನಿಸಿ, ಉಳಿದದ್ದರಲ್ಲಿ ಲೈಸೆನ್ಸ್ ಸರೆಂಡರ್ ಮಾಡಿ. ಸರೆಂಡರ್ ಎಂದರೆ ಆ ಯಂತ್ರದಿಂದ ಪರವಾನಗಿಯನ್ನು ಕಂಪನಿಗೆ ಹಿಂದಿರುಗಿಸುವುದು. ಎಫ್1 ಒತ್ತಿ ಹೆಲ್ಪ್ ತೆರೆಯಿರಿ, ಅದರಲ್ಲಿ ಸೆಟಿಂಗ್ಸ್, ಅದರೊಳಗೆ ಲೈಸೆನ್ಸ್. ಆವೃತ್ತಿ ಬದಲಾದರೆ ಜಾಗ ಸ್ವಲ್ಪ ಆಚೀಚೆ ಇರಬಹುದು. ಇದಕ್ಕೆ ಇಂಟರ್‌ನೆಟ್ ಬೇಕು. ಸರೆಂಡರ್ ಆಯಿತೆಂಬ ಸೂಚನೆ ಬಂದ ಮೇಲೆಯೇ ಉಳಿಸಿಕೊಳ್ಳುವ ಯಂತ್ರದಲ್ಲಿ ಆಕ್ಟಿವೇಟ್ ಮಾಡಿ. ಗೋಲ್ಡ್ ಆಗಿದ್ದರೆ ಸರ್ವರಿನಲ್ಲಿ ಮಾತ್ರ ಆಕ್ಟಿವೇಟ್ ಮಾಡಬೇಕು. ಮಿಕ್ಕ ಕಂಪ್ಯೂಟರ್‌ಗಳಲ್ಲಿ ನೆಟ್‌ವರ್ಕ್‌ನಿಂದ ಲೈಸೆನ್ಸ್ ಪಡೆಯುವ ಆಯ್ಕೆ ಒತ್ತಿ ಸರ್ವರಿನ ಹೆಸರು ಕೊಟ್ಟರೆ ಸಾಕು.

ಹಳೆ ಕಂಪ್ಯೂಟರ್ ಸುಟ್ಟುಹೋಗಿದ್ದರೆ ಅಥವಾ ಫಾರ್ಮ್ಯಾಟ್ ಆಗಿದ್ದರೆ? ಸರೆಂಡರ್ ಮಾಡಲು ಅಲ್ಲಿ ಏನೂ ಉಳಿದಿರುವುದಿಲ್ಲ. ಕಂಪನಿಯ ಪುಸ್ತಕದಲ್ಲಿ ಮಾತ್ರ ಪರವಾನಗಿ ಇನ್ನೂ ಆ ಸತ್ತ ಯಂತ್ರದ ಹೆಸರಿನಲ್ಲೇ ಇರುತ್ತದೆ. ಫಾರ್ಮ್ಯಾಟ್ ಬೇಡ ಎಂದು ಮೊದಲೇ ಹೇಳಿದ್ದು ಇದಕ್ಕೇ. ಆದರೂ ದಾರಿಯಿದೆ. ಇದಕ್ಕೆ ರೀಸೆಟ್ ಎನ್ನುತ್ತಾರೆ. ಲೈಸೆನ್ಸ್ ದಾಖಲಾದ ಇ-ಮೇಲ್ ಮೂಲಕ ಕಂಪನಿಯ ಪೋರ್ಟಲ್‌ನಲ್ಲಿ ಅಥವಾ ಅಧಿಕೃತ ಪಾಲುದಾರರ ನೆರವಿನಿಂದ ಹಳೆ ಕೊಂಡಿ ಕಳಚಿಸಿ ಹೊಸದಾಗಿ ಜೋಡಿಸಬಹುದು.

ಆ ಇ-ಮೇಲ್ ಯಾರದ್ದು? ನಮ್ಮ ಕಡೆಯ ಅರ್ಧ ಗೋಳು ಇಲ್ಲಿದೆ. ಸೀರಿಯಲ್ ನಂಬರೇ ಬೀಗದ ಕೈ ಎಂದು ಎಲ್ಲರೂ ತಿಳಿದಿರುತ್ತಾರೆ. ಅಲ್ಲ. ಆಕ್ಟಿವೇಟ್ ಮಾಡುವಾಗ ಬರುವ ಅನ್‌ಲಾಕ್ ಕೀ ಹೋಗುವುದು ದಾಖಲಾದ ಇ-ಮೇಲ್‌ಗೆ. ಸರೆಂಡರ್‌ಗೂ ರೀಸೆಟ್‌ಗೂ ಅದೇ ಇ-ಮೇಲ್‌ನ ಟ್ಯಾಲಿ ಖಾತೆಯ ಪಾಸ್‌ವರ್ಡ್ ಬೇಕು. ಅಂಗಡಿ ಮಾಲೀಕರಿಗೆ ಇ-ಮೇಲ್ ಇಲ್ಲವೆಂದು ಹಾಕಿಕೊಟ್ಟ ಹುಡುಗ ತನ್ನದೇ ಇ-ಮೇಲ್, ತನ್ನದೇ ಮೊಬೈಲ್ ನಂಬರ್ ಕೊಟ್ಟಿರುತ್ತಾನೆ. ಅವನಿಗೆ ಪುಣೆಯಲ್ಲೋ ಬೆಂಗಳೂರಿನಲ್ಲೋ ಕೆಲಸ ಸಿಗುತ್ತದೆ, ಸಿಮ್ ಬದಲಾಗುತ್ತದೆ. ಹಣ ಕೊಟ್ಟವರು ನೀವು, ಕೀಲಿ ಅವನ ಕೈಯಲ್ಲಿ. ಆದ್ದರಿಂದ ಇವತ್ತು ಎಲ್ಲವೂ ಸರಿಯಾಗಿ ನಡೆಯುತ್ತಿರುವಾಗಲೇ ಲೈಸೆನ್ಸ್ ಪುಟ ತೆರೆದು ಅಲ್ಲಿರುವ ಇ-ಮೇಲ್ ಯಾವುದೆಂದು ನೋಡಿ. ನಿಮ್ಮದಲ್ಲವೆಂದಾದರೆ ಖರೀದಿ ಬಿಲ್, ಜಿಎಸ್‌ಟಿ ನೋಂದಣಿ ಪ್ರತಿ ಹಿಡಿದು ಅಧಿಕೃತ ಪಾಲುದಾರರ ಬಳಿ ಹೋಗಿ ಬದಲಿಸಿಕೊಳ್ಳಿ. ಅಂಗಡಿಯ ಹೆಸರಿನಲ್ಲಿ ಒಂದು ಇ-ಮೇಲ್ ಮಾಡಿಸಿ. ಪಾಸ್‌ವರ್ಡನ್ನು ವಹಿಯ ಹಿಂದಿನ ಪುಟದಲ್ಲಿ ಬರೆಯುವ ರೂಢಿ ಕೆಲವರಿಗಿದೆ. ಬರೆಯುವುದಾದರೆ ಬರೆಯಿರಿ, ಆದರೆ ಆ ವಹಿ ತಿಜೋರಿಯಲ್ಲಿರಲಿ.

ಕಾಲೇಜು, ಆಸ್ಪತ್ರೆಯವರ ಸಮಸ್ಯೆ ಸ್ವಲ್ಪ ಬೇರೆ. ಲ್ಯಾಬ್‌ನಲ್ಲಿ ಒಂದು ಕಂಪ್ಯೂಟರನ್ನು ಸಿದ್ಧಮಾಡಿ ಅದನ್ನೇ ಮೂವತ್ತಕ್ಕೆ ಕ್ಲೋನ್ ಮಾಡುತ್ತಾರೆ. ವಿಂಡೋಸ್‌ನ ಸಗಟು ಲೈಸೆನ್ಸಿಗೆ ಕೆಎಂಎಸ್ ಎಂಬ ಎಣಿಕೆ ಸರ್ವರ್ ಇರುತ್ತದೆ. ಕನಿಷ್ಠ 25 ಡೆಸ್ಕ್‌ಟಾಪ್ ಅಥವಾ 5 ಸರ್ವರ್ ಯಂತ್ರಗಳು ಕಾಣಿಸಿಕೊಳ್ಳುವ ತನಕ ಅದು ಯಾರನ್ನೂ ಚಾಲೂ ಮಾಡುವುದಿಲ್ಲ. ಅದು ಎಣಿಸುವುದು ಸಿಎಂಐಡಿ ಎಂಬ ಗುರುತಿನಿಂದ. ಸರಿಯಾಗಿ ಸಿದ್ಧಮಾಡದೆ ಕ್ಲೋನ್ ಮಾಡಿದರೆ ಮೂವತ್ತಕ್ಕೂ ಒಂದೇ ಸಿಎಂಐಡಿ. ಎಣಿಕೆ ಒಂದರ ಮುಂದೆ ಹೋಗುವುದೇ ಇಲ್ಲ. ಕ್ಲೋನ್ ಮಾಡುವ ಮೊದಲು ಸಿಸ್‌ಪ್ರೆಪ್ ಎಂಬ ವಿಂಡೋಸ್‌ನದೇ ಸಾಧನವನ್ನು ಜನರಲೈಸ್ ಆಯ್ಕೆಯೊಂದಿಗೆ ಓಡಿಸಿದರೆ ಹಳೆ ಗುರುತು ಅಳಿಸಿ ಪ್ರತಿ ಯಂತ್ರಕ್ಕೂ ಬೇರೆ ಗುರುತು ಹುಟ್ಟುತ್ತದೆ. ಆಗಲೇ ಕ್ಲೋನ್ ಆಗಿಹೋಗಿದ್ದರೆ ರೀಆರ್ಮ್ ಎಂಬ ಆದೇಶ ಇದೆ. ಅದನ್ನು ಬಳಸಲು ಮಿತಿಯಿದೆ, ಸುಮ್ಮಸುಮ್ಮನೆ ಓಡಿಸಬೇಡಿ.

ಇನ್ನೊಂದು, ದೂರದಿಂದಲೇ ಸರ್ವರ್ ತೆರೆದು ಕೆಲಸ ಮಾಡುವ ರಿಮೋಟ್ ಡೆಸ್ಕ್‌ಟಾಪ್. ವಿಂಡೋಸ್ ಸರ್ವರಿನಲ್ಲಿ ನಿರ್ವಹಣೆಗೆಂದು ಇಬ್ಬರಿಗೆ ಮಾತ್ರ ಅವಕಾಶ. ಹೆಚ್ಚು ಜನ ಬೇಕೆಂದರೆ ಪ್ರತ್ಯೇಕ ಲೈಸೆನ್ಸ್ ಕೊಳ್ಳಬೇಕು. ಆ ವ್ಯವಸ್ಥೆ ಹಾಕಿದ ಮೇಲೆ 120 ದಿನ ಕಾಲಾವಕಾಶ ಕೊಟ್ಟು ನಂತರ ಬಾಗಿಲು ಹಾಕುತ್ತದೆ. "ನಾಲ್ಕು ತಿಂಗಳು ಚಲೋ ನಡೀತಿತ್ತು, ಈಗ ಬಂದ್ ಆತು" ಎನ್ನುವವರ ಕಥೆ ಬಹುಪಾಲು ಇದೇ.

ಖರ್ಚು ಎಷ್ಟು? ಸರೆಂಡರ್ ಮಾಡಿ ಮತ್ತೆ ಚಾಲೂ ಮಾಡುವುದು ನೀವೇ ಮಾಡಿಕೊಂಡರೆ ಪೈಸೆ ಖರ್ಚಿಲ್ಲ. ಮನುಷ್ಯ ಬಂದರೆ ಅವನ ಭೇಟಿ ಶುಲ್ಕ, ಅದನ್ನು ಮೊದಲೇ ಮಾತಾಡಿಕೊಳ್ಳಿ. ನಿಜವಾಗಿಯೂ ಎರಡನೇ ಲೈಸೆನ್ಸ್ ಬೇಕಾದರೆ, ಟ್ಯಾಲಿಪ್ರೈಮ್ ಸಿಲ್ವರ್ ಈಚಿನ ವರ್ಷಗಳಲ್ಲಿ 22,500 ರೂ., ಗೋಲ್ಡ್ 67,500 ರೂ., ಮೇಲೆ 18% ಜಿಎಸ್‌ಟಿ. ಅಂದರೆ ಕೈಬಿಡುವುದು 26,550 ಮತ್ತು 79,650. ದರ ಬದಲಾಗುತ್ತಿರುತ್ತದೆ, ಕೊಳ್ಳುವ ದಿನ ಕೇಳಿ ಖಚಿತಮಾಡಿಕೊಳ್ಳಿ. ಒಂದು ಗೋಲ್ಡ್ ಎಂದರೆ ಮೂರು ಸಿಲ್ವರ್ ಬೆಲೆ. ಅಂಗಡಿ ಆಳಂದದಲ್ಲಿ, ಮಿಲ್ ಬೇರೆ ಊರಲ್ಲಿ, ಲೆಕ್ಕವೂ ಬೇರೆ ಬೇರೆ ಎಂದಾದರೆ ಎರಡು ಸಿಲ್ವರ್ ಸಾಕು. ಒಂದೇ ಕಟ್ಟಡದಲ್ಲಿ ಇಬ್ಬರು ಮೂವರು ಒಂದೇ ವಹಿಯಲ್ಲಿ ಏಕಕಾಲಕ್ಕೆ ಬರೆಯಬೇಕೆಂದರೆ ಗೋಲ್ಡೇ ಆಗಬೇಕು, ಸಿಲ್ವರ್‌ಗಳನ್ನು ಜೋಡಿಸಿ ಆ ಕೆಲಸ ಮಾಡಿಸಲಾಗದು. ಈಗಾಗಲೇ ಸಿಲ್ವರ್ ಇದ್ದವರು ಹೊಸ ಗೋಲ್ಡ್ ಕೊಳ್ಳುವ ಬದಲು ಮೇಲ್ದರ್ಜೆಗೇರಿಸುವ ದರ ಕೇಳಿ. ಹಂಗಾಮಿಗೆ ಮಾತ್ರ ಬೇಕಾದವರಿಗೆ ಬಾಡಿಗೆ ಲೈಸೆನ್ಸೂ ಇದೆ.

"ನಾನೇ ಕೊಂಡದ್ದು, ಒಂದು ನಕಲು ಇಟ್ಟುಕೊಂಡರೆ ತಪ್ಪೇ?" ಎಂದು ಕೇಳುವಿರಿ. 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಕಲಮು ನಷ್ಟದ ಭಯಕ್ಕೆ ಬ್ಯಾಕಪ್ ನಕಲು ಇಟ್ಟುಕೊಳ್ಳಲು ಅವಕಾಶ ಕೊಡುತ್ತದೆ. ಇಟ್ಟುಕೊಳ್ಳಬಹುದು, ಎರಡನೇ ಕಂಪ್ಯೂಟರಿನಲ್ಲಿ ಓಡಿಸುವಂತಿಲ್ಲ. ಗೊತ್ತಿದ್ದೂ ಕಳ್ಳ ಪ್ರತಿ ಬಳಸಿದರೆ ಅದೇ ಕಾಯ್ದೆಯ 63ಬಿ ಕಲಮಿನಡಿ 7 ದಿನದಿಂದ 3 ವರ್ಷದವರೆಗೆ ಸಜೆ, 50,000ದಿಂದ 2 ಲಕ್ಷ ರೂ. ದಂಡ. "ಕ್ರ್ಯಾಕ್ ಹಾಕಿ ಕೊಡ್ತೀನ್ರಿ, ಎರಡು ಸಾವಿರ ಕೊಡ್ರಿ" ಎನ್ನುವವನಿಗೆ ಇದನ್ನು ಓದಿ ಹೇಳಿ. ಲೈಸೆನ್ಸಿಗೆ ಹಣ ಹಾಕಲು ಆಗದವರಿಗೆ ಲೈಸೆನ್ಸ್ ನಂಬರಿನ ಗೊಡವೆಯೇ ಇಲ್ಲದ ತಂತ್ರಾಂಶಗಳಿವೆ. ಪತ್ರ, ಪಟ್ಟಿಗಳಿಗೆ ಲಿಬ್ರೆ ಆಫೀಸ್, ಕನ್ನಡ ಬೆರಳಚ್ಚಿಗೆ ನುಡಿ, ಸರ್ವರಿಗೆ ಲಿನಕ್ಸ್, ವೆಬ್ ತಂತ್ರಾಂಶ ಓಡಿಸುವವರಿಗೆ ಟಾಮ್‌ಕ್ಯಾಟ್, ಡೇಟಾ ಇಡಲು ಪೋಸ್ಟ್‌ಗ್ರೆಸ್. ಇವು ಉಚಿತ, ಎಷ್ಟು ಕಂಪ್ಯೂಟರಿಗೆ ಬೇಕಾದರೂ ಹಾಕಿಕೊಳ್ಳಿ. ನೋಡಿಕೊಳ್ಳಲು ತಿಳಿದ ಮನುಷ್ಯ ಮಾತ್ರ ಬೇಕು, ಆ ಖರ್ಚು ಲೆಕ್ಕಕ್ಕಿರಲಿ.

ಸಹಾಯ ಎಲ್ಲಿ ಸಿಗುತ್ತದೆ? ಹೆಚ್ಚಿನವರು ಕಲಬುರಗಿಗೇ ಹೋಗಬೇಕು. ಆಳಂದ, ಜೇವರ್ಗಿಯವರಿಗೆ ಸುಮಾರು 40 ಕಿ.ಮೀ., ಅಫಜಲಪುರದವರಿಗೆ ಇನ್ನೂ ದೂರ. ಹೋಗುವ ಮೊದಲು ಕಂಪನಿಯ ವೆಬ್‌ಸೈಟಿನಲ್ಲಿ ಅಧಿಕೃತ ಪಾಲುದಾರರ ಪಟ್ಟಿ ನೋಡಿ, ಫೋನಿನಲ್ಲೇ ಬಗೆಹರಿಯುವುದೋ ಕೇಳಿ. ಎನಿಡೆಸ್ಕ್‌ನಂಥ ಆ್ಯಪ್ ಮೂಲಕ ಅವರು ಅಲ್ಲಿಂದಲೇ ನಿಮ್ಮ ಪರದೆ ನೋಡಿ ಸರಿಮಾಡಬಲ್ಲರು. ಆದರೆ ನೀವಾಗಿ ಫೋನ್ ಮಾಡಿದವರಿಗೆ ಮಾತ್ರ ಪರದೆ ತೋರಿಸಿ. "ನಿಮ್ಮ ಲೈಸೆನ್ಸ್ ನಕಲಿ ಎಂದು ಬಂದಿದೆ, ಈಗಲೇ ದಂಡ ಕಟ್ಟಿ" ಎಂದು ತಾವಾಗಿ ಕರೆ ಮಾಡುವವರನ್ನು ನಂಬಬೇಡಿ. ಗೂಗಲ್‌ನಲ್ಲಿ ಮೊದಲು ಕಾಣುವ ಕಸ್ಟಮರ್ ಕೇರ್ ನಂಬರ್ ಅಸಲಿಯೇ ಆಗಿರಬೇಕೆಂದಿಲ್ಲ. ಪರದೆ ಅವರ ಕೈಗೆ ಹೋದಾಗ ಬ್ಯಾಂಕ್ ಪುಟ ತೆರೆದಿರಬಾರದು. ಹಣ ಹೋಗಿಯೇ ಬಿಟ್ಟರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಹೊಸದಾಗಿ ಕೊಳ್ಳುವಾಗ ಬಿಲ್ಲಿನಲ್ಲಿ ನಿಮ್ಮ ಅಂಗಡಿಯ ಹೆಸರು, ಜಿಎಸ್‌ಟಿ ನಂಬರ್, ಲೈಸೆನ್ಸಿನ ಬಗೆ ಮತ್ತು ಸೀರಿಯಲ್ ನಂಬರ್ ನಾಲ್ಕೂ ಬರೆಸಿಕೊಳ್ಳಿ. ಹಾಕಿಕೊಡುವವನು ಇ-ಮೇಲ್ ಕೇಳುವ ಪುಟಕ್ಕೆ ಬಂದಾಗ ಪಕ್ಕದಲ್ಲೇ ಕೂತಿರಿ. ಅನ್‌ಲಾಕ್ ಕೀ ನಿಮ್ಮ ಮೊಬೈಲಿನ ಇ-ಮೇಲ್‌ಗೆ ಬಂದದ್ದನ್ನು ಕಣ್ಣಾರೆ ನೋಡಿದ ಮೇಲೆ ಬಾಕಿ ಹಣ ಕೊಡಿ.